ಕೌದಿಯ ಹೊಟ್ಟೆ ಕೊಯ್ದವರು

"ಇರುವಿ ಹತ್ತಿದ ಕೌದಿ ನಿಮ್ಮ ಕಡೆಯವರದ್ದ ಏನ್ರಿ?" ಎಂದು ಕೇಳಿ ನಗುವವರು ಈಗಲೂ ನನ್ನ ಅಂಗಡಿಗೆ ಬರುತ್ತಾರೆ. ಶಿಗ್ಗಾವಿ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಟೇಲರ್ ಅಂಗಡಿ ಇದೆ. ಹಾಗೆ ನಕ್ಕವನೊಬ್ಬನ ಪ್ಯಾಂಟನ್ನು ಅರ್ಧ ಹೊಲಿದದ್ದು ಹಾಗೇ ಸುತ್ತಿ ಕೈಗೆ ಕೊಟ್ಟು ಕಳಿಸಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಬರೆಯುವುದು ನನ್ನ ಕೆಲಸವಲ್ಲ. ಆದರೆ ಬಾಯಿಂದ ಹೇಳಲು ಹೋದರೆ ನಡುವೆ ಸಿಟ್ಟು ನೆತ್ತಿಗೇರಿ ಮಾತು ಜಗಳವಾಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಗುವವರು ಓದಿ ಆಮೇಲೆ ನಗಲಿ.

ಕೌದಿ ಹುಲಗೂರಿನ ರೋಶನಬಿ ಅಕ್ಕನದು. ಅವಳ ಗಂಡ ಬಂದೇಸಾಬ ದರ್ಗಾದ ಹತ್ತಿರ ಸಕ್ಕರೆ, ಊದಿನಕಡ್ಡಿ ಮಾರುತ್ತಾನೆ. ಬಾಯಿ ತೆರೆಯದ ಮನುಷ್ಯ. ಆ ಮನೆಯ ಮಾತೆಲ್ಲ ಅಕ್ಕನದೇ. ನಾನು ಅಂಗಡಿ ಇಟ್ಟಾಗಿನಿಂದ ಅವಳು ಗೊಬ್ಬರದ ಚೀಲವೊಂದನ್ನು ಬಗಲಲ್ಲಿ ಮಡಚಿಕೊಂಡು ಬಸ್ಸಿಳಿದು ಬಂದು, ಮಶೀನಿನ ಕೆಳಗೆ ಬಿದ್ದ ತುಂಡು ಅರಿವೆಗಳನ್ನು ಕೌದಿಗೆಂದು ಆರಿಸಿಕೊಂಡು ಹೋಗುತ್ತಾಳೆ. ಸುಮ್ಮನೆ ಆರಿಸುವವಳಲ್ಲ. ಒಂದೊಂದನ್ನೂ ಎತ್ತಿ ಹಿಡಿದು, "ತಮ್ಮಾ, ಇದು ಯಾರ ಅಂಗೀದು?" ಎಂದು ಕೇಳುತ್ತಾಳೆ.

"ಆ ಅಡತಿ ಅಂಗಡಿ ಸಾವಕಾರಂದು."

"ಹೌದಾ? ಹಂಗಾರ ಇದನ್ನ ಕಾಲಕಡೆ ಹಾಕ್ತೇನಿ. ತಲಿ ಕಡೆ ಹಾಕಿದ್ರ ಹೊಚ್ಚಿಕೊಂಡವರಿಗೆ ನಿದ್ದಿ ಬರಾಂಗಿಲ್ಲ."

ಹುಲಗೂರು, ದುಂಡಸಿ ಕಡೆ ಯಾರ ಮನೆಯಲ್ಲಿ ಬಸುರಿಯಿದ್ದರೂ ಹಳೆಯ ಸೀರೆ, ಧೋತರ, ಲುಂಗಿ ಅವಳ ಮನೆಗೆ ಹೋಗುತ್ತವೆ. ಲಿಂಗಾಯತರ ಮನೆ, ಸಾಬರ ಮನೆ ಎಂಬ ಭೇದ ಅದಕ್ಕಿಲ್ಲ. ನನ್ನ ಇಬ್ಬರು ಮಕ್ಕಳೂ ಅವಳ ಕೌದಿಯೊಳಗೇ ಬೆಳೆದವರು.

ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿಯಿದೆ. ಮೂರು ಮೂಲೆ ಹೊಲಿದು ಒಂದನ್ನು ಬಾಯಿ ತೆರೆದೇ ಇಡುತ್ತಾರೆ. ಎಲ್ಲ ಮುಗಿದ ಮೇಲೆ, ಯಾರಿಗಾಗಿ ಹೊಲಿದದ್ದೋ ಅವರ ಕೈಯಿಂದಲೇ ಅದರೊಳಗೆ ಒಂದು ತುತ್ತು ಹಾಕಿಸಿ ಮೂಲೆ ಮುಚ್ಚುತ್ತಾರೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿಯನ್ನು ಯಾರ ಮೈಮೇಲೂ ಹಾಕಬಾರದು, ಅದರಲ್ಲೂ ಕೂಸಿನ ಮೇಲೆ ಹಾಕಲೇಬಾರದು. ಎಲ್ಲರೂ ಒಣ ರೊಟ್ಟಿಯ ಚೂರು ಹಾಕುತ್ತಾರೆ, ಕೆಡುವುದಿಲ್ಲ ಎಂದು.

ಆದರೆ ಈ ಕೌದಿ ಅಕ್ಕನ ಒಬ್ಬಳೇ ಮಗಳು ಮದಿಹಾಳದು. ಸವಣೂರಿಗೆ ಕೊಟ್ಟ ಹುಡುಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ಮಗು ಇಬ್ಬರೂ ಹೊದೆಯುವಷ್ಟು ದೊಡ್ಡ ಬಾಣಂತಿ ಕೌದಿ ಅದು. ಅಕ್ಕನ ಅವ್ವನ ಇಳಕಲ್ ಸೀರೆ, ಬಂದೇಸಾಬನ ಲುಂಗಿ, ಮದಿಹಾ ಶಾಲೆಗೆ ಹೋಗುವಾಗಿನ ನೀಲಿ ಲಂಗ, ನಡುನಡುವೆ ನನ್ನ ಅಂಗಡಿಯ ತುಂಡುಗಳು. ಹೊಟ್ಟೆ ತುಂಬಿಸುವ ದಿನ ನನ್ನನ್ನೂ ಕರೆದಿದ್ದಳು. ಮೊದಲ ಮೊಮ್ಮಗು ಎಂಬ ಹಿಗ್ಗಿಗೆ ರೊಟ್ಟಿ ಬಿಟ್ಟು ಮಲೀದಾ ಮಾಡಿದ್ದಳು. ನಮ್ಮ ಮನೆಗಳಲ್ಲಿ ಮಾದ್ಲಿ ಎನ್ನುವುದು ಅದನ್ನೇ. ಚಪಾತಿಯ ಪುಡಿ, ಬೆಲ್ಲ, ತುಪ್ಪ.

"ಅಕ್ಕಾ, ಬೆಲ್ಲ ಬ್ಯಾಡ. ಇರುವಿ ಬರ್ತಾವು," ಎಂದೆ.

"ಬಂದ್ರ ತಿಂದು ಹೋಗ್ತಾವು. ನನ್ನ ಮನೀಗೆ ಬಂದವರನ್ನ ನಾ ಯಾವತ್ತರ ಹಸದು ಕಳಿಸೇನೇನು?"

ಮದಿಹಾ ತುಂಬು ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು, ಇನ್ನೊಂದು ಕೈಯಿಂದ ಒಂದು ಹಿಡಿ ಮಲೀದಾವನ್ನು ಮೂಲೆಯೊಳಗೆ ಹಾಕಿದಳು. ಅಕ್ಕ ಹೊಲಿದು ಮುಚ್ಚಿ, ದಾರವನ್ನು ಹಲ್ಲಿನಿಂದ ಕಡಿದಳು.

ಅದೇ ವಾರ ನಮ್ಮೂರಲ್ಲಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕಿನವರಿಗೆಂದು ಕಲಾ ಪ್ರದರ್ಶನ ಇಟ್ಟಿದ್ದರು. ಯಾರು ಬೇಕಾದರೂ ತಮ್ಮ ಕೈಕೆಲಸ ತಂದು ತೂಗುಹಾಕಬಹುದು, ಹೊರಗಿನಿಂದ ಬಂದ ತೀರ್ಪುಗಾರರು ನೋಡಿ ಬಹುಮಾನ ಕೊಡುತ್ತಾರೆ ಎಂದು ಆಟೋದಲ್ಲಿ ಮೈಕು ಹಚ್ಚಿ ಸಾರಿದರು. ಮುಂದೆ ನಿಂತು ಮಾಡಿಸುವವರು ಪ್ರಭು ಸರ, ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರ ಅಂಗಿ ಹೊಲಿಯುವವನು ನಾನೇ. ಅಕ್ಕನಿಗೆ ಹೇಳಿದೆ. ಬಹುಮಾನದ ಮಾತಿಗೆ ಅವಳು ಕಿವಿಗೊಡಲಿಲ್ಲ. ತೂಗುಹಾಕುತ್ತಾರೆ ಎಂಬ ಮಾತಿಗೆ ತಿರುಗಿ ನೋಡಿದಳು.

"ಪೂರಾ ತೂಗು ಹಾಕ್ತಾರೇನು?"

"ಗ್ವಾಡಿಗೆ, ಮ್ಯಾಲಿಂದ ತಳಕ್ಕ."

"ಈಸು ವರ್ಷ ಹೊಲದ್ರೂ ಒಂದು ಕೌದೀನೂ ಪೂರಾ ಕಂಡಿಲ್ಲ ನಾ. ಹೊಲಿಯಾಗ ತೊಡಿ ಮ್ಯಾಲೆ ಇರ್ತೈತಿ. ಆಮ್ಯಾಲೆ ಯಾರರ ಹೊಚ್ಚಿಕೊಂಡು ಮಲಗಿರ್ತಾರ. ಒಗದು ಬೇಲಿ ಮ್ಯಾಲೆ ಹಾಕಿದ್ರೂ ಅರ್ಧ ಆ ಕಡೆ, ಅರ್ಧ ಈ ಕಡೆ. ಒಮ್ಮೆ ದೂರ ನಿಂತು ನೋಡಬೇಕು ತಮ್ಮಾ."

ಪ್ರಭು ಸರಿಗೆ ಒಂದೇ ಮಾತು ಹೇಳಿ ಕೊಟ್ಟಳು: "ಮಗಳಿಗೆ ದಿನ ತುಂಬ್ಯಾವ್ರಿ. ಯಾವಾಗ ಬೇಕಂದ್ರ ಆವಾಗ ಒಯ್ತೇನಿ." "ಒಯ್ಯಕ್ಕಾ, ನಿಂದ ಐತಿ," ಎಂದರು ಅವರು. ಇದನ್ನು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ.

ಮೊದಲ ದಿನ ಕಲ್ಯಾಣಮಂಟಪದ ಗೋಡೆಯ ಮೇಲೆ ಕೌದಿ ನಿಂತಿತು. ಅಕ್ಕ ಹಿಂದೆ ಹಿಂದೆ ಸರಿಯುತ್ತ ಎದುರಿನ ಗೋಡೆಗೆ ಬೆನ್ನು ಹತ್ತುವವರೆಗೂ ಹೋದಳು. ಸೆರಗನ್ನು ಬಾಯಿಗೆ ಇಟ್ಟುಕೊಂಡು ಬಹಳ ಹೊತ್ತು ನಿಂತಳು. "ಆ ಎಡಕ್ಕಿನ ಹಸರ ತುಂಡು ಇನ್ನೀಟು ಕೆಳಗ ಬೇಕಿತ್ತು," ಎಂದು ತನಗೆ ತಾನೇ ಹೇಳಿಕೊಂಡು ನಕ್ಕಳು. ಅಷ್ಟು ಖುಷಿಯಾಗಿದ್ದ ಅವಳನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಉಳಿದ ಚಿತ್ರಗಳ ಕೆಳಗೆ ಬರೆದವರ ಹೆಸರಿತ್ತು. ಇದರ ಕೆಳಗೆ ಮಾತ್ರ "ಜಾನಪದ ಹೊದಿಕೆ, ಹುಲಗೂರು" ಎಂದು ಅಂಟಿಸಿದ್ದರು. ಊರೆಲ್ಲ ಸೇರಿ ಹೊಲಿದಿತ್ತೇನು? ಕೇಳಲು ಹೊರಟವನನ್ನು ಅಕ್ಕನೇ ತೋಳು ಹಿಡಿದು ನಿಲ್ಲಿಸಿದಳು.

ಮರುದಿನ ಮುಂಜಾನೆ ಪ್ರಭು ಸರ ಫೋನ್ ಮಾಡಿದರು. "ಪರಮೇಶಪ್ಪಾ, ಸೂಜಿ ದಾರ ತಗೊಂಡು ಲಗೂನ ಬಾ. ಸಣ್ಣ ಕೆಲಸ. ಯಾರಿಗೂ ಹೇಳಬ್ಯಾಡ."

ಹೋದೆ. ಕೌದಿಯ ಕೆಳಗಿನ ಮೂಲೆಯನ್ನು ಬ್ಲೇಡಿನಿಂದ ಸೀಳಿದ್ದರು. ಗೋಡೆಯ ಮೇಲೆ ಅಷ್ಟು ದೂರದಿಂದ ಸಾಲು ಹಿಡಿದು ಬಂದ ಇರುವೆಗಳು ದಿಕ್ಕು ತಪ್ಪಿ ತಿರುಗುತ್ತಿದ್ದವು. ಮದಿಹಾ ತನ್ನ ಕೈಯಾರೆ ಹಾಕಿದ ಮಲೀದಾ ಕಸದ ಬುಟ್ಟಿಯಲ್ಲಿತ್ತು, ಮೇಲೆ ಚಹಾ ಕುಡಿದ ಕಾಗದದ ಕಪ್ಪುಗಳು.

"ಯಾರ ಕೊಯ್ದ್ರಿ ಇದನ್ನ?" ಎಂದೆ.

ತೀರ್ಪುಗಾರರು ಮೂರು ಮಂದಿಯಿದ್ದರು. ಕೊರಳಿಗೆ ಕೆಂಪು ಶಾಲು ಸುತ್ತಿಕೊಂಡವರು ಮುಂದೆ ಬಂದರು. "ನಾನೇ ಹೇಳಿ ತೆಗೆಸಿದೆ. ಕಲಾಕೃತಿಯೊಳಗೆ ತಿಂಡಿ ಇಡುವುದುಂಟೇ? ಪಕ್ಕದ ಚಿತ್ರಗಳಿಗೂ ಇರುವೆ ಹತ್ತುತ್ತಿತ್ತು. ಹೊಲಿಗೆ ಚೆನ್ನಾಗಿದೆ, ಅಂಕ ಏನೂ ಕಡಿಮೆ ಮಾಡಿಲ್ಲ. ನೀವು ಆ ಮೂಲೆ ಮುಚ್ಚಿಬಿಡಿ, ಮುಗಿಯಿತು."

"ಹೊಲದಾಕೀನ್ನ ಒಂದು ಮಾತು ಕೇಳಬಾರದಾಗಿತ್ತೇನ್ರಿ?"

"ಇಂಥ ಮೂಢನಂಬಿಕೆಗೆಲ್ಲ ಕೇಳುತ್ತ ಕೂತರೆ ಪ್ರದರ್ಶನ ನಡೆಯುವುದಿಲ್ಲ."

ಇಲ್ಲಿಗೆ ನನ್ನ ತಲೆ ಕೆಟ್ಟಿತು. "ನಿನ್ನೆ ತೆಂಗಿನಕಾಯಿ ಒಡದು ದೀಪ ಹಚ್ಚಿ ಚಾಲೂ ಮಾಡಿದ್ರಲ್ಲ, ಅದೇನ್ರಿ ಮತ್ತ? ನಿಮ್ಮ ಮನೀ ಬಸುರಿ ಹೆಣ್ಣಮಗಳಿಗೆ ಉಡಿ ತುಂಬಿದ್ದನ್ನ ಕಸದ ಬುಟ್ಟಿಗೆ ಚೆಲ್ಲತೀರೇನ್ರಿ? ಇದು ಆಕಿ ಉಡಿ ಇದ್ದಂಗ!" ಎಂದು ಕೂಗಿದೆ. ಮಂಟಪದಲ್ಲಿದ್ದವರೆಲ್ಲ ತಿರುಗಿದರು.

ಪ್ರಭು ಸರ ನನ್ನ ಭುಜ ಹಿಡಿದು ಮೂಲೆಗೆ ಎಳೆದರು. "ಸಣ್ಣ ದನಿ ಮಾಡೋ ಮಾರಾಯಾ. ಆಕಿ ಬರೂದ್ರಾಗ ಒಂದೀಟು ಹೊಲದು ಬಿಡು. ಆಕಿಗೇನ್ ಗೊತ್ತಾಗತೈತಿ?"

ಊರಿನ ಮನುಷ್ಯ, ಕೌದಿ ಹೊದ್ದೇ ಬೆಳೆದವರು, ಅವರ ಬಾಯಲ್ಲಿ ಇಂಥ ಮಾತು! ಕೆಂಪು ಶಾಲಿನವರಿಗಾದರೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು, ಗೊತ್ತಿದ್ದೂ ಬ್ಲೇಡು ತಂದುಕೊಟ್ಟಿದ್ದರು. ನನ್ನ ಸಿಟ್ಟು ಇವತ್ತಿಗೂ ಇಳಿಯದಿರುವುದು ಅದಕ್ಕೇ. ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು, "ನಾ ಹೊಲಿಯಾಂಗಿಲ್ಲ," ಎಂದು ಅಲ್ಲೇ ಕುರ್ಚಿ ಎಳೆದು ಕೂತೆ.

ಹುಲಗೂರಿನ ಬಸ್ಸಿಗೆ ಅಕ್ಕ ಬಂದಳು, ತನ್ನ ಕೌದಿಯನ್ನು ಇನ್ನೊಮ್ಮೆ ದೂರದಿಂದ ನೋಡಲು. ಇವತ್ತು ಹಿಂದೆ ಸರಿಯಲಿಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ, ಸೀಳಿದ ಮೂಲೆಯೊಳಗೆ ಬೆರಳು ಹಾಕಿ ಆಡಿಸಿದಳು. ಬೆರಳು ಖಾಲಿ ಹೊರಗೆ ಬಂತು. ನನ್ನ ಹಾಗೆ ಕೂಗಲಿಲ್ಲ.

"ಪ್ರಭು ಸರ, ಮುಂಜಾನಿ ನಾಷ್ಟಾ ಆತೇನ್ರಿ?"

"ಹೂಂ... ಆತಕ್ಕಾ."

"ಇದರದ್ದೂ ಆಗಿತ್ತರಿ. ನೀವು ಬಾಯಾಗ ಕೈಹಾಕಿ ಕಸಗೊಂಡ್ರಿ."

ಅಕ್ಕ, "ಒಯ್ತೇನಿ," ಎಂದಳು. ಈಗ ಪ್ರಭು ಸರಿಗೆ ಕಾಯಿದೆ ನೆನಪಾಯಿತು. ರವಿವಾರ ಸಮಾರೋಪ, ದೊಡ್ಡವರು ಬರುತ್ತಾರೆ, ಅಲ್ಲಿಯವರೆಗೆ ಯಾವುದನ್ನೂ ಇಳಿಸುವಂತಿಲ್ಲ, ಗೋಡೆ ಖಾಲಿ ಕಂಡರೆ ಚೆನ್ನಾಗಿರುವುದಿಲ್ಲ! ಮೊದಲು ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ನಾನು ಎದ್ದೆ. ಆಗಲೇ ಅಕ್ಕನ ಫೋನ್ ರಿಂಗಾಯಿತು. ಅಳಿಯ ಮುಬಶೀರ. ಮದಿಹಾಳಿಗೆ ಹೆರಿಗೆ ಬ್ಯಾನಿ ಸುರುವಾಗಿದೆ, ಗಾಡಿಯಲ್ಲಿ ಶಿಗ್ಗಾವಿ ದವಾಖಾನೆಗೆ ಕರೆತರುತ್ತಿದ್ದೇನೆ ಎಂದ.

"ಮನ್ಯಾಗ ಡಬ್ಬಿಯೊಳಗ ಮಲೀದಾ ಉಳದೈತಿ. ನಿಮ್ಮ ಮಾವನ ಕಡೆ ತರಿಸು," ಎಂದಷ್ಟೇ ಹೇಳಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು. ಮುಂದೆ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ, ಕೌದಿಯ ಎರಡೂ ಅಂಚು ಹಿಡಿದು ಜಗ್ಗಿದಳು. ಕಟ್ಟಿದ ದಾರಗಳು ಪಟಪಟನೆ ಹರಿದವು. ಅಷ್ಟು ದೊಡ್ಡ ಕೌದಿ ಅವಳ ತಲೆಯ ಮೇಲೇ ಬಿತ್ತು. ಒಂದು ಕ್ಷಣ ಅಕ್ಕ ಕಾಣಲೇ ಇಲ್ಲ.

"ಹೀಗೆ ಮಾಡಿದರೆ ಸ್ಪರ್ಧೆಯಿಂದ ತೆಗೆಯಬೇಕಾಗುತ್ತದೆ," ಎಂದರು ಶಾಲಿನವರು.

ಕೌದಿಯೊಳಗಿಂದ ದನಿ ಬಂತು. "ತಗೀರಿ. ತಗಿಯೂದು ನಿಮಗ ಛಲೋ ಬರ್ತೈತಿ."

ಬಾಗಿಲಿಗೆ ಅಡ್ಡ ಬಂದ ಇಬ್ಬರು ನನ್ನ ಮುಖ ನೋಡಿ ತಾವೇ ಸರಿದರು. ಕೈ ಮಾತ್ರ ಮಾಡಲಿಲ್ಲ ನಾನು, ಆದರೆ ಬಾಯಿಗೆ ಬಂದದ್ದೆಲ್ಲ ಬೈದೆ. ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ದವಾಖಾನೆಗೆ ನಾವು ಹೋದಾಗ ಮದಿಹಾಳನ್ನು ಒಳಗೆ ಕರೆದುಕೊಳ್ಳುವುದರಲ್ಲಿದ್ದರು. ಬಂದೇಸಾಬ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಅಕ್ಕ ಕೌದಿಯ ಮೂಲೆ ಹಿಡಿದು ಮಗಳ ಮುಂದೆ ಒಡ್ಡಿದಳು. ಮದಿಹಾ ಸೀಳಿದ್ದನ್ನು ನೋಡಿ, "ಏನಾತಬೇ ಇದಕ?" ಎಂದಳು.

"ಮತ್ತ ಹಸಿವಾಗೇತಂತ. ಹಾಕು."

ಬ್ಯಾನಿಗೆ ಹಲ್ಲು ಕಚ್ಚಿಕೊಂಡು ಹುಡುಗಿ ಒಂದು ಹಿಡಿ ಹಾಕಿದಳು. ಅರ್ಧ ನೆಲಕ್ಕೆ ಚೆಲ್ಲಿತು. ನರ್ಸಮ್ಮ ಗದರಿಸಿದರು: "ಏನ್ ನಡಸೀರಿ ಇಲ್ಲೆ?" ಬಗ್ಗಿ ಮೂಲೆಯನ್ನು ನೋಡಿದ ಮೇಲೆ, "ಹೊಟ್ಟಿ ತುಂಬ್ಸಾಕತ್ತೀರಾ? ಲಗೂನ ಮುಗಸ್ರಿ. ಕೆಳಗ ಬಿದ್ದದ್ದನ್ನ ಬಳೀರಿ ಮತ್ತ," ಎಂದು ಮುಖ ಆ ಕಡೆ ಮಾಡಿದರು. ಬಂದೇಸಾಬ ತನ್ನ ಟೊಪ್ಪಿಗೆ ತೆಗೆದು ಅದರೊಳಕ್ಕೇ ಬಳಿದುಕೊಂಡ. ನಾನು ಇನ್ನೂ ಬೈಯುತ್ತಲೇ ಕಾಲರಿನ ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿಸಿದೆ. ಅಕ್ಕ ಕಸಿದುಕೊಂಡು ತಾನೇ ಪೋಣಿಸಿ, ಗೋಡೆಗೆ ಒರಗಿ ನಿಂತೇ ಮೂಲೆ ಹೊಲಿದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು.

ರವಿವಾರ ಪ್ರಭು ಸರ ಅಕ್ಕನಿಗೆ ಫೋನ್ ಮಾಡಿದಾಗ ನಾನು ಹುಲಗೂರಿನಲ್ಲಿ ಅವಳ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಬಂದ ದೊಡ್ಡವರೊಬ್ಬರು ಕೌದಿಯ ಸುದ್ದಿ ಕೇಳಿ ನೋಡಬೇಕೆಂದರಂತೆ. ತೀರ್ಪುಗಾರರೂ ಒಪ್ಪಿದ್ದಾರಂತೆ, ವಿಶೇಷ ಬಹುಮಾನವಂತೆ, ಈ ಸಲ ಹೆಸರನ್ನೂ ಬರೆಯುತ್ತಾರಂತೆ. ಫೋಟೊ ಹೊಡೆಯುವವರೆಗೆ ಕೌದಿಯನ್ನು ತಂದು ತೂಗುಹಾಕಬೇಕಂತೆ, ಗಾಡಿ ಕಳಿಸುತ್ತಾರಂತೆ. ಒಂದು ಮಾತಿಗಾದರೂ ತಪ್ಪಾಯಿತು ಎಂಬುದಿರಲಿಲ್ಲ. ನಾನು ಫೋನ್ ಕಸಿದುಕೊಳ್ಳಲು ಎದ್ದೆ. ಅಕ್ಕ ಕಣ್ಣಿನಲ್ಲೇ ಕೂರಿಸಿದಳು.

ಮೂಲೆಯಲ್ಲಿ ಮದಿಹಾ ಮಲಗಿದ್ದಳು. ಅವಳ ಮಗ್ಗುಲಲ್ಲಿ ಕೂಸು, ಇಬ್ಬರ ಮೇಲೂ ಕೌದಿ. ಹೊಲಿದ ಮೂಲೆಯಿಂದ ಗೋಡೆಯವರೆಗೆ ಇರುವೆಯ ಸಣ್ಣ ಸಾಲೊಂದು ಆಗಲೇ ಹೊರಟಿತ್ತು. ಅಕ್ಕ ಅದನ್ನು ಬೆರಳಿನಿಂದ ಕೂಸಿನ ಕಡೆಯಿಂದ ಆಚೆಗೆ ತಿರುಗಿಸುತ್ತ ಫೋನಿನಲ್ಲಿ ಹೇಳಿದಳು:

"ಈಗ ಆಗಾಂಗಿಲ್ಲರಿ ಸರ. ಕೂಸು ಅದರ ಮ್ಯಾಲೆ ಉಚ್ಚಿ ಹೊಯ್ದೈತಿ. ನಿಮ್ಮ ಗ್ವಾಡಿ ಖಾಲಿನ ಇರ್ಲಿ."