ಮಿಸ್ ಅವರ ಮಾತ್ರೆಪಟ್ಟಿ

ನಮ್ಮ ಟ್ಯೂಷನ್ ಮಿಸ್ ವಾಚನ್ನು ಬಲಗೈಗೆ ಕಟ್ಟುತ್ತಿದ್ದರು, ಅದೂ ಮುಖ ಒಳಮಗ್ಗುಲಿಗೆ ಬರುವ ಹಾಗೆ. ಗಂಟೆ ನೋಡಬೇಕಾದಾಗ ಅಂಗೈ ಮೇಲೆ ಮಾಡಿ ಬಗ್ಗುತ್ತಿದ್ದರು. ಯಾರ ಹತ್ತಿರವೋ ಏನೋ ಕೇಳಲು ಕೈಯೊಡ್ಡಿದ ಹಾಗೆ ಕಾಣುತ್ತಿತ್ತು. ಸಂಜೆ ಏಳಕ್ಕೆ ಸರಿಯಾಗಿ ಹಾಗೆ ಒಂದು ಸಲ ನೋಡಿ, ಎದ್ದು ಅಡುಗೆಮನೆಗೆ ಹೋಗಿ, ಎರಡು ನಿಮಿಷದಲ್ಲಿ ಹಿಂದಿರುಗುತ್ತಿದ್ದರು. ಹಾಲು ಕಾಯಿಸಲು ಹೋಗುತ್ತಾರೆ ಎಂದೇ ನಾವೆಲ್ಲ ನಂಬಿದ್ದೆವು. ಆ ಎರಡು ನಿಮಿಷದಲ್ಲಿ ಮುಂದಿನವರ ನೋಟ್‌ಬುಕ್ ಎಳೆದುಕೊಂಡು ಕಾಪಿ ಹೊಡೆಯುವುದರಲ್ಲಿ ನಾನು ಎತ್ತಿದ ಕೈ.

ಹೊಸೂರಿನ ಪಕ್ಕದ ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಅಪ್ಪಂದಿರೆಲ್ಲ ಶಿಫ್ಟಿಗೆ ಹೋಗುವವರು. ಸ್ಕೂಲಿನಲ್ಲಿ ಗಣಿತ ತಮಿಳಿನಲ್ಲಿ, ಮನೆಯಲ್ಲಿ ಮಾತು ಕನ್ನಡದಲ್ಲಿ. ನಡುವೆ ನಾವು ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದೆವು. ಮಿಸ್ ಲೆಕ್ಕವನ್ನು ತಮಿಳಿನಲ್ಲಿ ಓದಿ, ಕನ್ನಡದಲ್ಲಿ ಬಿಡಿಸಿ, ತೆಲುಗಿನಲ್ಲಿ ಬೈಯುತ್ತಿದ್ದರು. "ಅದ್ರಲ್ಲಿ ಬೈದ್ರೆ ನೋಯಲ್ಲ ಕಣ್ರೇ, ಕೇಳೋಕೂ ಚೆಂದಾಗಿರ್ತದೆ" ಎನ್ನುತ್ತಿದ್ದರು. ಡೆಂಕಣಿಕೋಟೆ ಕಡೆಯ ಒಕ್ಕಲಿನ ಮನೆಯವರು, ಒಬ್ಬರೇ ಇದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಬೀದಿಯ ಹೆಂಗಸರು ಮುಖಕ್ಕೇ ಕೇಳಿದರೆ "ಟೈಮೇ ಸಿಗ್ಲಿಲ್ಲ ಕಣಮ್ಮ" ಎಂದು ನಕ್ಕುಬಿಡುತ್ತಿದ್ದರು.

ಟೆಸ್ಟ್ ಪೇಪರನ್ನು ಮಿಸ್ ನಾಲ್ಕು ಮಡಿಕೆ ಮಾಡಿ ಕೈಗೆ ಕೊಡುತ್ತಿದ್ದರು. ಯಾರ ಮಾರ್ಕನ್ನೂ ಜೋರಾಗಿ ಓದಿದವರಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನನಗೆ ನೂರಕ್ಕೆ ಹದಿಮೂರು ಬಂದಾಗ ನಮ್ಮಮ್ಮ ಗೇಟಿನಲ್ಲೇ ಅವರನ್ನು ಹಿಡಿದುಕೊಂಡು ಎಷ್ಟು ಬಂತು ಎಂದು ಕೇಳಿದಳು. "ಅದು ಅವ್ಳ ಮಾರ್ಕು. ಹೇಳೋದಾದ್ರೆ ಅವ್ಳೇ ಹೇಳ್ತಾಳೆ, ನನ್ ಬಾಯಲ್ಲಿ ಬರಲ್ಲ" ಎಂದರು ಮಿಸ್. ಅಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಾನು ಮಾತ್ರ ಅವತ್ತಿನಿಂದ ಅವರಿಗಾಗಿ ಓದಿದೆ. ಪಾಸಾದೆ, ಡಿಪ್ಲೊಮಾ ಮಾಡಿದೆ, ಹೊಸೂರಿನ ಒಂದು ಕಾರ್ಖಾನೆಯಲ್ಲಿ ಗೇರ್ ಪೀಸುಗಳ ಮೇಲೆ ಗೀರು ಹುಡುಕುವ ಕೆಲಸಕ್ಕೆ ಸೇರಿದೆ.

ಅಮ್ಮ ಬಿಪಿ ಮಾತ್ರೆಯನ್ನೂ ಶುಗರ್ ಮಾತ್ರೆಯನ್ನೂ ಅದಲುಬದಲು ನುಂಗುತ್ತಿದ್ದಳು ಎಂದು ನಾನು ಆಪ್ ಮಾಡಲು ಕೂತೆ. ವಿಡಿಯೊ ನೋಡಿ ನೋಡಿ ಕಲಿತೆ. ಯಾವ ಮಾತ್ರೆ, ಯಾವ ಹೊತ್ತಿಗೆ, ಯಾತಕ್ಕೆ ಎಂದು ಮೂರು ಕಾಲಂ, ಹೊತ್ತಾದಾಗ ಅಲಾರಾಂ. ಹೊಸಬರು ಜನರಿಗೆ ಆಪ್ ಬಿಡಬೇಕಾದರೆ ಆಪ್ ಸ್ಟೋರಿನವರದು ಒಂದು ಕಟ್ಟಳೆ: ಮೊದಲು ಹನ್ನೆರಡು ಜನರ ಫೋನಿನಲ್ಲಿ ಹದಿನಾಲ್ಕು ದಿನ ಅದು ಪರೀಕ್ಷೆಗೆಂದು ಇರಬೇಕು. ಮನೆಮನೆ ತಿರುಗಿ ಹನ್ನೊಂದು ಜನರನ್ನು ಒಪ್ಪಿಸಿದೆ. ಹನ್ನೆರಡನೆಯವರು ಮಿಸ್. "ನಂಗೂ ಬೇಕಾಗಿತ್ತು ಕಣಮ್ಮ" ಎಂದರು. ಯಾವ ಕಾಯಿಲೆಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಉಳಿದವರು ಫೋನಿನಲ್ಲಿ ಇಟ್ಟುಕೊಂಡರು, ನಾಲ್ಕೇ ದಿನಕ್ಕೆ ತೆರೆಯುವುದನ್ನು ಮರೆತರು. ಮಿಸ್ ದಿನಾ ತೆರೆದು, ಅಲಾರಾಂ ಒಂದು ನಿಮಿಷ ತಡ, ಈ ಅಕ್ಷರ ಸಣ್ಣದು ಎಂದು ಚೀಟಿ ಬರೆದಿಡುತ್ತಿದ್ದರು.

ಸ್ಟೋರಿನ ಪುಟಕ್ಕೆ ಆಪಿನ ಚಿತ್ರಗಳು ಬೇಕಾದವು. ನನ್ನ ಫೋನಿನ ಪಟ್ಟಿಯಲ್ಲಿ ಬಾಯಿಗೆ ಬಂದದ್ದೆಲ್ಲ ತುಂಬಿಸಿದ್ದೆ. ಮಿಸ್ ಪಟ್ಟಿ ಅವರ ಬೋರ್ಡಿನ ಅಕ್ಷರದಷ್ಟೇ ಅಚ್ಚುಕಟ್ಟು. "ಮಿಸ್, ಒಂದು ನಿಮಿಷ ಫೋನ್ ಕೊಡಿ" ಎಂದೆ. ಕೊಟ್ಟು ಕಾಫಿ ಇಡಲು ಒಳಗೆ ಹೋದರು. ನಾಲ್ಕು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿಕೊಂಡೆ. ಯಾಕೆ ಎಂದು ಅವರಿಗೆ ಹೇಳಲಿಲ್ಲ. ಬಣ್ಣ ಸರಿಯಿದೆಯೇ, ಅಂಚು ಕತ್ತರಿಸಿಲ್ಲ ತಾನೇ ಎಂದು ನೋಡಿದೆನೇ ಹೊರತು ಅಲ್ಲಿದ್ದದ್ದನ್ನು ಓದಲಿಲ್ಲ. ಕೂದಲೆಳೆಯಷ್ಟು ಗೀರು ಹುಡುಕಿ ಸಂಬಳ ತೆಗೆದುಕೊಳ್ಳುವವಳು ನಾನು.

ಸ್ಟೋರಿನವರ ಒಪ್ಪಿಗೆ ಬಂದಾಗ ಕ್ಯಾಂಟೀನಿನಲ್ಲಿದ್ದೆ. ಊಟ ಅರ್ಧಕ್ಕೇ ಬಿಟ್ಟು, ಎಲ್ಲರೂ ಇಳಿಸಿಕೊಳ್ಳಿ, ಐದು ಸ್ಟಾರ್ ಕೊಡಿ ಎಂದು ಬೀದಿಯ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿದೆ. ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂರನೇ ದಿನ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೂಗಿದಳು: "ಪಾಪ, ಮಿಸ್ಸಿಗೆ ಫಿಟ್ಸಂತಲ್ಲೇ? ನಂ ಮಗೀನ ನಿನ್ನೆಯಿಂದ ಕಳಿಸ್ಲಿಲ್ಲ. ಪಾಠ ಹೇಳ್ತಾ ಹೇಳ್ತಾನೇ ಬಿದ್ಬುಟ್ರೆ?"

"ಯಾರ್ರೀ ಹೇಳಿದ್ದು?" ಎಂದೆ.

"ಯಾರು ಅಂದ್ರೆ? ನಿನ್ ಆಪಲ್ಲೇ ಹಾಕಿದೀಯಲ್ಲಮ್ಮಿ, ಹೆಸ್ರು ಸಮೇತ!"

ತೆರೆದು ನೋಡಿದೆ. ಎರಡನೇ ಚಿತ್ರ. ಮೇಲೆ ನಮಸ್ಕಾರದ ಮುಂದೆ ಅವರ ಪೂರ್ತಿ ಹೆಸರು, ಟೀಚರ್ ಎಂಬ ಪದ. ಕೆಳಗೆ ಬೆಳಗ್ಗೆ ಏಳು, ಸಂಜೆ ಏಳು. ಯಾತಕ್ಕೆ ಎಂಬಲ್ಲಿ: ಫಿಟ್ಸ್. ಅಡುಗೆಮನೆಯ ಆ ಎರಡು ನಿಮಿಷ ಏನೆಂದು ನನಗೆ ಗೊತ್ತಾದದ್ದು, ಊರಿಗೆಲ್ಲ ಗೊತ್ತಾದ ಮೇಲೆ. ಚಿತ್ರ ಬದಲಾಯಿಸಿದೆ. ಅದೂ ಸ್ಟೋರಿನವರು ಪರಿಶೀಲಿಸಿದ ಮೇಲೆಯೇ ಪುಟಕ್ಕೆ ಬರಬೇಕು. ಅಲ್ಲಿಯವರೆಗೆ ಹಳೆಯದೇ ಕಾಣುತ್ತಿತ್ತು.

ಆಗಲಾದರೂ ನೆಟ್ಟಗೆ ನಡೆದುಕೊಂಡೆನೇ ಎಂದರೆ ಅದೂ ಇಲ್ಲ. ಅದು ಸುಮ್ಮನೆ ಮಾದರಿಗೆ ಹಾಕಿದ್ದು, ನಿಜವಲ್ಲ ಎಂದು ಗ್ರೂಪಿನಲ್ಲಿ ಬರೆದೆ. ಬರೆದು ಮಿಸ್ ಮನೆಗೆ ಓಡಿದೆ. ಬೀನ್ಸ್ ಬಿಡಿಸುತ್ತಿದ್ದರು. ಆಗಿದ್ದೆಲ್ಲ ಅವರಿಗೆ ಗೊತ್ತಿತ್ತು.

"ಮಿಸ್, ಯಾರಾದ್ರೂ ಕೇಳಿದ್ರೆ ಅದು ಮಾದರಿಗೆ ಹಾಕಿದ್ದು ಅಂದ್ಬುಡಿ. ಗ್ರೂಪಲ್ಲಿ ನಾನಾಗ್ಲೇ ಹಾಕಿದೀನಿ. ನಿಮ್ ಮರ್ಯಾದೆ ಹೋಗ್ಬಾರ್ದು."

"ನನ್ ಮರ್ಯಾದೆನಾ, ನಿಂದಾ?" ಎಂದರು, ತಲೆಯೆತ್ತದೆ.

ಅಷ್ಟರಲ್ಲಿ ಮೂರನೇ ಮನೆಯ ಹೆಂಗಸು ಮಗಳ ಕೈ ಹಿಡಿದುಕೊಂಡು ಗೇಟಿಗೆ ಬಂದಳು. "ಮಿಸ್, ಅದು ಸುಳ್ಳಂತೆ? ಗ್ರೂಪಲ್ಲಿ ಹಾಕವ್ಳೆ ಇವ್ಳು" ಎಂದಳು. ಹೂಂ ಅಂದಿದ್ದರೆ ಆ ಹುಡುಗಿ ಅವತ್ತೇ ಒಳಗೆ ಬಂದು ಕೂರುತ್ತಿದ್ದಳು.

"ಫಿಟ್ಸ್ ಇರೋದು ದಿಟ ಕಣಮ್ಮ" ಎಂದರು ಮಿಸ್. "ಹದಿನೆಂಟು ವರ್ಷದಿಂದ ಒಂದ್ಸಲಾನೂ ಬಂದಿಲ್ಲ, ಮಾತ್ರೆ ಬುಟ್ಟಿಲ್ಲ. ನಾನಾಗಿ ಯಾರಿಗೂ ಹೇಳ್ಕೊಂಡಿರ್ಲಿಲ್ಲ. ಕೇಳಿದ್ರೆ ಇಲ್ಲ ಅನ್ನಲ್ಲ. ಮಗೀನ ಕಳ್ಸೋದು ನಿನ್ನಿಷ್ಟ."

ಆಕೆ ನನ್ನ ಮುಖ ನೋಡಿದಳು. "ಎಕ್ಸಾಮ್ ಮುಗೀಲಿ ಮಿಸ್, ಆಮೇಲೆ ಕಳಿಸ್ತೀನಿ" ಎಂದು ಮಗಳನ್ನು ಎಳೆದುಕೊಂಡು ಹೋದಳು. ಟ್ಯೂಷನ್ ಇರುವುದೇ ಎಕ್ಸಾಮಿಗೆ. ಮಿಸ್ ಮತ್ತೆ ಬೀನ್ಸಿಗೆ ಕೈ ಹಾಕಿದರು. ನನ್ನ ಸುಳ್ಳಿಗೆ ತೆಲುಗಿನಲ್ಲಾದರೂ ಬೈಯಬಾರದೇ ಎಂದು ಕಾದೆ. ನಾನು ಅಳಲು ಶುರು ಮಾಡಿದಾಗ ಬೀನ್ಸಿನ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು. "ನಾರು ತೆಗಿ. ಆ ಯಾತಕ್ಕೆ ಅನ್ನೋ ಕಾಲಂ ಕಿತ್ತಾಕ್ಬುಡು. ಇನ್ನೊಬ್ರಿಗೆ ಹಿಂಗಾಗ್ಬಾರ್ದು" ಎಂದರು. ಅಷ್ಟೇ.

ಇಪ್ಪತ್ತು ಮಕ್ಕಳಿದ್ದ ಮನೆಯಲ್ಲಿ ತಿಂಗಳೊಳಗೆ ನಾಲ್ವರು ಉಳಿದರು. ಬೇಸಿಗೆಗೆ ಮಿಸ್ ಬೋರ್ಡು ಒರೆಸಿಟ್ಟು ಕೃಷ್ಣಗಿರಿಗೆ, ತಂಗಿಯ ಊರಿಗೆ ಹೊರಟರು. ಅವತ್ತು ಅವರೆದುರು ನಿಲ್ಲಲಾರದೆ ನಾನು ಕೇಳಿಕೊಂಡು ಬೇರೆ ಶಿಫ್ಟ್ ಹಾಕಿಸಿಕೊಂಡೆ. ಅವರ ಗಾಡಿ ನಮ್ಮ ಮನೆ ಮುಂದೆ ಎರಡು ನಿಮಿಷ ನಿಂತಿತ್ತಂತೆ. ಅಮ್ಮ ಹೇಳಿದಳು.

ಅವರು ಹೇಳಿದ ಕಾಲಂ ತೆಗೆದುಹಾಕಿದ್ದೇನೆ. ಆಪ್ ತಿದ್ದಿ ಕಳಿಸುವಾಗ, ಏನು ಬದಲಾಯಿಸಿದಿರಿ ಎಂದು ಜನರಿಗೆ ತಿಳಿಸಲು ಸ್ಟೋರಿನವರು ಒಂದಿಷ್ಟು ಜಾಗ ಕೊಡುತ್ತಾರೆ. ಅಲ್ಲಿ ಅವರ ಹೆಸರಿಲ್ಲದೆಯೇ ನನ್ನ ತಪ್ಪನ್ನು ಬರೆಯಬಹುದಿತ್ತು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ 'ಸಣ್ಣಪುಟ್ಟ ತಿದ್ದುಪಡಿಗಳು' ಎಂದು ಹಾಕಿ ಕಳಿಸಿದೆ. ಮಿಸ್ ಫೋನಿಗೂ ಅದು ಹೋಗಿರುತ್ತದೆ. ಓದದೆ ಅಪ್‌ಡೇಟ್ ಒತ್ತುವವರಲ್ಲ ಅವರು.