ಅವನ ಹೆಸರಿನ ಡಬ್ಬಿ

ಕೆಮ್ಮು ಬಿಡದೆ ಹದಿನೈದು ದಿನವಾಯಿತೆಂದು ಮೊನ್ನೆ ಹೊಸಪೇಟೆಯಲ್ಲಿ ಡಾಕ್ಟರ ಹತ್ತಿರ ಹೋದೆ. ಲ್ಯಾಬಿನ ಹುಡುಗಿ ಕಫ ಪರೀಕ್ಷೆಗೆಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಅದೇ ತಿರುಗಿಸುವ ಮುಚ್ಚಳ. ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತೇ ಇದ್ದೆ...

ಗಣಿಯ ಅಬ್ಬರದ ವರ್ಷಗಳಲ್ಲಿ ನಮ್ಮ ಪಕ್ಕದ ಮನೆಯ ಅಣ್ಣ ಸಂಡೂರಿನಿಂದ ಅದಿರು ಹೊರುವ ಲಾರಿ ಓಡಿಸುತ್ತಿದ್ದ. ಅವನು ಕೈಕಾಲು ತೊಳೆದರೆ ಮೋರಿಯ ನೀರು ಕೆಂಪಾಗುತ್ತಿತ್ತು. ಒಂದು ವರ್ಷ ಅವನಿಗೆ ಟಿ.ಬಿ. ಬಂತು. ನರ್ಸಮ್ಮನ ಕಣ್ಣೆದುರೇ ಆರು ತಿಂಗಳು ಮಾತ್ರೆ ನುಂಗಬೇಕಿತ್ತು. ಎರಡು ತಿಂಗಳು ತಪ್ಪದೆ ಹೋದ. ಜ್ವರ ಬಿಟ್ಟು ಮೈ ತುಂಬಿಕೊಂಡ ಮೇಲೆ, ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಲಾರಿ ಹತ್ತಿದ. ದಾರಿಯಲ್ಲಿ ನುಂಗುತ್ತೇನೆಂದು ಇಸಿದುಕೊಂಡ ಮಾತ್ರೆಗಳು ಸೀಟಿನ ಕೆಳಗೇ ಉಳಿದವು.

ಕೊನೆಯ ಕಫ ಪರೀಕ್ಷೆಯ ದಿನ ಬೆಳಿಗ್ಗೆ ಡಬ್ಬಿ ಹಿಡಿದು ನಮ್ಮ ಹಿತ್ತಲಿಗೆ ಬಂದ.

“ತಂಗಿ, ಮಾತ್ರಿ ಸರಿಯಾಗಿ ತಗೊಂಡಿಲ್ಲ. ಇದರಾಗ ರೋಗ ಕಂಡ್ರ ಮತ್ತ ಮೊದಲಿಂದ ಸೂಜಿ, ಮಾತ್ರಿ ಅಂತಾರ. ಲಾರಿ ಕೈ ಬಿಟ್ಟು ಹೋಕ್ಕತಿ. ನಿನಗ ಹೆಂಗೂ ನೆಗಡಿ ಐತಲ್ಲ, ಒಂದೀಟು ಕೆಮ್ಮಿ ಕೊಡು. ನಿಮ್ಮತ್ತಿಗಿಗೆ ಹೇಳಬ್ಯಾಡ.”

“ನನ್ನ ನೆಗಡಿಗೂ ರೇಟು ಬಂತು ಬಿಡಣ್ಣ,” ಎಂದು ನಗಾಡುತ್ತಲೇ ಕೊಟ್ಟೆ. ಇಷ್ಟು ಗಟ್ಟಿಮುಟ್ಟಾಗಿರುವವನಲ್ಲಿ ರೋಗ ಎಲ್ಲಿ ಉಳಿದೀತು ಎಂದುಕೊಂಡಿದ್ದೆ.

ಡಬ್ಬಿಯಲ್ಲಿ ರೋಗ ಕಾಣಲಿಲ್ಲ. ಅವನ ಚೀಟಿಯ ಮೇಲೆ ‘ಗುಣಮುಖ’ ಎಂದು ಬರೆದರು. ಆಸ್ಪತ್ರೆಯ ಗೋಡೆಯ ಹಲಗೆಯಲ್ಲಿ ಆ ವರ್ಷ ಗುಣವಾದವರ ಲೆಕ್ಕಕ್ಕೆ ಒಬ್ಬ ಸೇರಿದ. ನರ್ಸಮ್ಮ ಅವನ ಮನೆತನಕ ಬಂದು ಅತ್ತಿಗೆಯ ಕೈಗೆ ಪೇಡೆ ಕೊಟ್ಟು, “ಈ ಸಲ ನಮ್ಮ ಪೇಷಂಟು ಎಲ್ರೂ ಆರಾಮ ಆಗ್ಯಾರ್ರಿ,” ಎಂದಳು. ನನಗೂ ಒಂದು ಪೇಡೆ ಬಂತು. ತಿಂದೆ.

ಮರುವರ್ಷ ಅವನು ರಕ್ತ ಕೆಮ್ಮಿದ. ಈ ಸಲ ಮಾತ್ರೆಗಳು ನಾಟಲಿಲ್ಲ. ಅವನು ಹೋದ ಮೇಲೆ ಅತ್ತಿಗೆ ಆ ಚೀಟಿ ತಂದು ನನ್ನ ಮುಂದೆ ಹಿಡಿದಳು.

“ಗುಣ ಆಗಿತ್ತಲ್ಲ ತಂಗಿ, ಮತ್ತ್ಯಾಕ ಬಂತು?”

ನಾನು ಚೀಟಿ ಮಡಚಿ ಅವಳ ಕೈಗೇ ಕೊಟ್ಟೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ... ಆ ಸಾವಿನಲ್ಲಿ ನನ್ನ ಪಾಲಿದೆ ಎಂದು ಗೊತ್ತಿದೆ, ಅಷ್ಟೇ. ಅತ್ತಿಗೆಗೆ ಇವತ್ತಿಗೂ ಹೇಳಿಲ್ಲ.

“ಡಬ್ಬಿ ಮ್ಯಾಲ ಹೆಸ್ರು ಬರೀರಿ,” ಎಂದು ಲ್ಯಾಬಿನ ಹುಡುಗಿ ಪೆನ್ನು ಕೊಟ್ಟಳು. ಎರಡು ಅಕ್ಷರ ಬರೆದ ಮೇಲೆ ನೋಡಿದೆ, ಅವನ ಹೆಸರು. ಹೊಡೆದುಹಾಕಿ ನನ್ನದು ಬರೆದೆ.