ಬೆನ್ನ ಮೇಲಿನ ಟೇಪು

ನೈಲಾನ್ ಬಟ್ಟೆ ಸುಟ್ಟರೆ ಒಂದು ವಾಸನೆ ಬರುತ್ತದೆ. ಮೂಗಿಗಿಂತ ಮೊದಲು ಗಂಟಲಿಗೆ ಬಂದು ಕೂರುತ್ತದೆ. ಕಳೆದ ಗುರುವಾರ ಸಂಜೆ, ಕೆಂಡಲ್ ಪಾರ್ಕ್‌ನ ನಮ್ಮ ಹಿತ್ತಲಿನ ಬೇಲಿಯಾಚೆ, ಪಕ್ಕದ ಮನೆಯಾತ ಗ್ರಿಲ್ ಮೇಲೆ ಹಸಿರು ಜೆರ್ಸಿಯೊಂದನ್ನು ಹಾಕಿ ಸುಡುತ್ತಿದ್ದ. ಅವನ ಅಮೆರಿಕನ್ ಫುಟ್‌ಬಾಲ್ ತಂಡ ಆಗಷ್ಟೇ, ವರ್ಷಕ್ಕೊಮ್ಮೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಮತ್ತೊಬ್ಬ ಕಾಲೇಜು ಕ್ವಾರ್ಟರ್‌ಬ್ಯಾಕನ್ನು ಆರಿಸಿಕೊಂಡಿತ್ತು. ಆ ಸಿಟ್ಟು. ಗಾಳಿ ಹೊಗೆಯನ್ನು ಈ ಕಡೆ ತಳ್ಳಿತು. ನನಗೆ ಮೇಸ್ತ್ರಿ ನೆನಪಾದರು…

ಅವರು ಮಂಡ್ಯದ ಕಡೆಯವರು. ಕ್ರ್ಯಾನ್‌ಬರಿಯ ಒಂದು ವೇರ್‌ಹೌಸಿನಲ್ಲಿ ನಮ್ಮ ಸೆಕೆಂಡ್ ಶಿಫ್ಟಿನ ಲೀಡ್. ಉಳಿದವರು ಅಂಕಲ್ ಅನ್ನುತ್ತಿದ್ದರು. ನಾನು ಊರಲ್ಲಿ ಗಾರೆ ಕೆಲಸ ಮಾಡಿದವನು, ಕೆಲಸ ಹೇಳುವವರನ್ನು ಮೇಸ್ತ್ರಿ ಎಂದೇ ಕರೆದು ರೂಢಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆ ವೇರ್‌ಹೌಸಿನಲ್ಲಿ ನನ್ನಷ್ಟು ಬೇಗ ಟ್ರೈಲರ್ ಖಾಲಿ ಮಾಡುವವನು ಇನ್ನೊಬ್ಬನಿರಲಿಲ್ಲ.

ಮೇಸ್ತ್ರಿಗೆ ಹಸಿರು ತಂಡದ ಹುಚ್ಚು. ಆದರೆ ಜೆರ್ಸಿ ಒಂದೇ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಬದಲಾದಾಗಲೆಲ್ಲ ಪೆಟ್ಟಿಗೆಗೆ ಹಚ್ಚುವ ಬಿಳಿ ಟೇಪಿನ ಮೇಲೆ ಮಾರ್ಕರಿನಿಂದ ಹೊಸಬನ ಹೆಸರು ಬರೆದು, ಬೆನ್ನ ಮೇಲಿನ ಹಳೆಯ ಹೆಸರಿನ ಮೇಲೆ ಅಂಟಿಸಿ, ಸಾಮಾನು ಪೇರಿಸಿದ ಪ್ಯಾಲೆಟ್‌ಗೆ ಪ್ಲಾಸ್ಟಿಕ್ ಬಿಗಿಮಾಡುವ, ಬಿಸಿಗಾಳಿ ಊದುವ ಹೀಟ್ ಗನ್ ಹಿಡಿಯುತ್ತಿದ್ದರು. ಪ್ರತಿ ಸಲವೂ ಬಟ್ಟೆ ಒಂದಿಷ್ಟು ಕಮರುತ್ತಿತ್ತು. ಅದೇ ಈ ವಾಸನೆ. ನಾನು ಸೇರುವ ಹೊತ್ತಿಗೆ ಆ ಬೆನ್ನ ಮೇಲೆ ಐದು ಪದರ ಟೇಪಿತ್ತು. ಐದು ಹುಡುಗರು, ಐವರೂ ಮುರಿದು ಹೋದವರು.

ಆ ವರ್ಷ ನನಗೆ ಬೇಕಾಗಿದ್ದದ್ದು ಒಂದೇ: ರೀಚ್ ಟ್ರಕ್. ಮೂವತ್ತು ಅಡಿ ಮೇಲಿನ ರ‍್ಯಾಕಿಗೆ ಸಾಮಾನು ಏರಿಸುವ ಗಾಡಿ ಅದು. ಅದನ್ನು ಓಡಿಸುವವನು ಮೂಟೆ ಹೊರುವುದಿಲ್ಲ, ಅವನಿಗೆ ಎಲ್ಲರೂ ದಾರಿ ಬಿಡುತ್ತಾರೆ. ಮ್ಯಾನೇಜರ್ ಒಪ್ಪಿದ್ದ. ಮೇಸ್ತ್ರಿಯ ಸಹಿ ಒಂದು ಬಾಕಿ. ಅವರು ಹಾಕಲಿಲ್ಲ. ಕೇಳಿದಾಗಲೆಲ್ಲ, “ಇನ್ನಾರ್ ತಿಂಗ್ಳು ನೆಲದ್ ಮೇಲಿರ್ಲಾ” ಎಂದು ನಕ್ಕು ಹೋಗುತ್ತಿದ್ದರು. ಆ ನಗು ನನ್ನೊಳಗೆ ಕೊಳೆಯುತ್ತಿತ್ತು.

ಡ್ರಾಫ್ಟ್ ದಿನ ಊಟದ ಬಿಡುವಿಗೆ ಎಲ್ಲರೂ ಬ್ರೇಕ್ ರೂಮಿನ ಟಿವಿ ಮುಂದೆ. ಅರ್ಧ ಜನ ಹಸಿರು, ಅರ್ಧ ನೀಲಿ. ಎರಡೂ ನಮ್ಮ ಸೀಮೆಯ ತಂಡಗಳೇ, ಆದ್ದರಿಂದಲೇ ಅಷ್ಟು ದ್ವೇಷ. ಹಸಿರು ತಂಡದ ಸರದಿ ಬಂತು. ಹೆಸರು ಕೂಗಿದರು. ಕಾಲೇಜಿನ ಕ್ವಾರ್ಟರ್‌ಬ್ಯಾಕ್. ಸೂಟು ಹಾಕಿ ನಗುತ್ತ ತಾಯಿಯನ್ನು ತಬ್ಬಿಕೊಳ್ಳುತ್ತಿದ್ದ ಎಳೇ ಮುಖದ ಹುಡುಗ.

ಮೇಸ್ತ್ರಿ ಕೈಲಿದ್ದ ಸ್ಟೀಲ್ ಕ್ಯಾರಿಯರನ್ನು ಟಿವಿಗೆ ಬೀಸಿದರು.

ಗಾಜು ಜೇಡರಬಲೆಯಂತೆ ಬಿರಿಯಿತು. ಬಸ್ಸಾರು ಆ ಹುಡುಗನ ನಗುವ ಮುಖದ ಮೇಲೆ ಇಳಿಯತೊಡಗಿತು.

“ಅವನ್ ಮುಂದೆ ನಿಂತು ಏಟ್ ತಡಿಯೋರೇ ಇಲ್ಲ ಕಣ್ರಲಾ! ಮೊದ್ಲು ಗೋಡೆ ಕಟ್ಟಿ, ಆಮೇಲ್ ಹುಡುಗನ್ನ ನಿಲ್ಸಿ! ಕೊಲ್ತಾರೆ ಇವ್ನನ್ನೂ!”

ಕನ್ನಡ ಬರುತ್ತಿದ್ದದ್ದು ನನಗೆ ಮತ್ತು ಪ್ಯಾಕಿಂಗಿನ ಇಬ್ಬರಿಗೆ. ಆದರೆ ಕ್ಯಾರಿಯರಿನ ಭಾಷೆ ಎಲ್ಲರಿಗೂ ಅರ್ಥವಾಗಿತ್ತು. ನೀಲಿ ಕಡೆಯ ದಪ್ಪ ಡ್ರೈವರೊಬ್ಬ, “ಟೇಪ್ ಹಿಮ್ ಅಪ್, ಗ್ರ್ಯಾಂಪಾ!” ಎಂದು ಕೇಕೆ ಹಾಕಿದ. ಹಸಿರಿನವನೊಬ್ಬ ಅವನ ಕಾಲರಿಗೆ ಕೈ ಹಾಕಿದ. ಕುರ್ಚಿಗಳು ಉರುಳಿದವು. ಯಾರದೋ ಮೂಗಿನ ರಕ್ತ ಮೇಜಿನ ಮೇಲೆ.

ನನಗೇನು ಅನ್ನಿಸಿತೋ… ಜೇಬಿನಲ್ಲಿದ್ದ ಬಿಳಿ ಟೇಪು ಹರಿದು, ಹೊಸ ಹುಡುಗನ ಹೆಸರನ್ನು ಬಂದಷ್ಟು ಇಂಗ್ಲಿಷಿನಲ್ಲಿ ಗೀಚಿ, ಹಿಂದಿನಿಂದ ಮೇಸ್ತ್ರಿ ತೊಟ್ಟಿದ್ದ ಜೆರ್ಸಿಯ ಬೆನ್ನಿಗೆ ಬಡಿದೆ. “ಆರನೇದು ಮೇಸ್ತ್ರಿ! ಪದ್ಧತಿ ಬಿಡಬಾರ್ದು!”

ಅವರು ಟೇಪನ್ನು ಕಿತ್ತು ನೋಡಿದರು.

“ಹೆಸ್ರೇ ತಪ್ಪು ಕಣ್ಲಾ ಮಗನೆ. ಗಾಡಿ ಮೇಲಿನ ತೂಕದ್ ಬೋರ್ಡು ಓದಕ್ ಬರಲ್ಲ, ಮೂವತ್ತಡಿ ಮೇಲಕ್ ಎತ್ತಾನಂತೆ! ನೀನೂ ಅವನಂಗೇಯ. ಯಾರ್ನಾದ್ರೂ ಸಾಯ್ಸಿ ನೀನೂ ಸಾಯ್ತೀಯ.”

ಪ್ಯಾಕಿಂಗಿನ ಇಬ್ಬರೂ ನಕ್ಕರು. ಅಷ್ಟೇ ಸಾಕಾಯಿತು. ನನ್ನ ಬಲಗೈಯಲ್ಲಿ ಉಂಗುರವಿತ್ತು. ಅದೇ ಕೈಯಿಂದ ಅವರ ಬಾಯಿಗೆ ಗುದ್ದಿದೆ. ತುಟಿ ಸೀಳಿತು, ಒಂದು ಹಲ್ಲು ನೆಲಕ್ಕೆ ಬಿತ್ತು. ಮರುಕ್ಷಣವೇ ಆ ಮುದಿ ಮೇಸ್ತ್ರಿ ನನ್ನ ಕತ್ತು ಹಿಡಿದು ತಲೆಯನ್ನು ಸೋಡಾ ಮಷೀನಿಗೆ ಎರಡು ಸಲ ಅಪ್ಪಳಿಸಿದರು. ಕಣ್ಣು ಕತ್ತಲಾಯಿತು. ಬೀಳುವಾಗ ಅವರ ಜೆರ್ಸಿಯನ್ನು ಹಿಡಿದುಕೊಂಡಿದ್ದೆ. ಬೆನ್ನಿನ ಭಾಗ ಹರಿದು ನನ್ನ ಮುಷ್ಟಿಯಲ್ಲೇ ಉಳಿಯಿತು.

ಮರುದಿನ ಆಫೀಸಿನಲ್ಲಿ ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಮೊದಲು ಕೈ ಎತ್ತಿದವನಿಗೆ ಕೆಲಸವಿಲ್ಲ, ಅದು ಅಲ್ಲಿನ ಕಾನೂನು. ಆ ಗದ್ದಲದಲ್ಲಿ ಯಾರೂ ನೋಡಿರಲಿಲ್ಲ, ನೋಡಿದವರು ನೋಡಿಲ್ಲ ಅಂದರು. ನನ್ನ ಹಣೆಗೆ ಹೊಲಿಗೆ, ಅವರ ಬಾಯಿಗೆ ಹತ್ತಿ. ಮ್ಯಾನೇಜರ್ ನನ್ನನ್ನೇ ಮೊದಲು ಕೇಳಿದ.

ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ: “ಹೀ ಹಿಟ್ ಮೀ ಫಸ್ಟ್.”

ಟಿವಿ ಒಡೆದವರ ಮೇಲೆ ಏನು ಹೇಳಿದರೂ ಯಾರಾದರೂ ನಂಬುತ್ತಾರೆ. ಮೇಸ್ತ್ರಿ ನನ್ನ ಕಡೆ ತಿರುಗಿದರು. ಬೈಯಬಹುದಿತ್ತು. ಹತ್ತಿ ಕಚ್ಚಿಕೊಂಡೇ, “ಬೋರ್ಡ್ ಓದೋದ್ ಕಲಿ” ಅಂದರು. ಎದ್ದು ಹೋದರು.

ಅವರ ಸಹಿ ಇಲ್ಲದೆಯೇ ನನಗೆ ಗಾಡಿ ಸಿಕ್ಕಿತು. ಮೂರನೇ ವಾರ, ಬೋರ್ಡಿನಲ್ಲಿ ಬರೆದಿದ್ದಕ್ಕಿಂತ ಹೆಚ್ಚು ತೂಕವನ್ನು ತುತ್ತತುದಿಗೆ ಎತ್ತಿದೆ. ಪ್ಯಾಲೆಟ್ ವಾಲಿತು. ಪೇಂಟ್ ಡಬ್ಬಗಳು ಬಾಂಬಿನಂತೆ ಸಿಡಿದವು. ಕೆಳಗೆ ಗುಡಿಸುತ್ತಿದ್ದವನಿಗೂ ಸಾವಿಗೂ ಮಧ್ಯೆ ಒಂದು ಮೊಳ ಉಳಿದಿತ್ತು. ಆ ಬಿಳಿ ಬಣ್ಣ ಕಾಂಕ್ರೀಟಿನಿಂದ ಪೂರ್ತಿ ಹೋಗಲೇ ಇಲ್ಲ… ಡ್ರಾಫ್ಟ್‌ನ ಆ ಹುಡುಗನೂ ಎರಡನೇ ವರ್ಷಕ್ಕೇ ಮೊಣಕಾಲು ಹಿಂದುಮುಂದಾಗಿ ಮೈದಾನದಿಂದ ಸ್ಟ್ರೆಚರಿನಲ್ಲಿ ಹೋದ. ಅವನ ಮುಂದೆ ಗೋಡೆ ಇರಲಿಲ್ಲ.

ಮೇಸ್ತ್ರಿ ಎಡಿಸನ್ನಿನ ದಿನಸಿ ಅಂಗಡಿಯೊಂದರಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದಾರಂತೆ ಎಂದು ಕೇಳಿದೆ. ಅರವತ್ತು ದಾಟಿದ ಸೊಂಟದಲ್ಲಿ. ಒಮ್ಮೆ ಅಂಗಡಿಯ ಪಾರ್ಕಿಂಗ್‌ವರೆಗೆ ಹೋಗಿ ಕಾರಿನಿಂದಿಳಿಯದೆ ವಾಪಸ್ ಬಂದೆ. ನಾನು ಇಂಥ ಕಡೆ ಬಗ್ಗುವವನಲ್ಲ, ಅದೇ ನನ್ನ ರೋಗ. ಎರಡು ಚಳಿಗಾಲ ಕಳೆದ ಮೇಲೆ ಅವರನ್ನು ಮತ್ತೆ ನೋಡಿದ್ದು ಫ್ಯೂನರಲ್ ಹೋಮಿನಲ್ಲಿ. ಮುಖಕ್ಕೆ ಬಣ್ಣ ಬಳಿದಿದ್ದರು. ತುಟಿಯ ಮೇಲೆ ನನ್ನ ಉಂಗುರದ ಗೆರೆ ಮಾತ್ರ ಆ ಬಣ್ಣದಡಿಯಿಂದಲೂ ಕಾಣುತ್ತಿತ್ತು.

“ಅವ್ರ್ ಜೊತೆ ಕೆಲ್ಸ ಮಾಡ್ತಿದ್ರಾ? ನಿಮ್ ವಿಷ್ಯ ಹೇಳೋರು” ಎಂದರು ಅವರ ಹೆಂಡತಿ.

“ಹೌದು ಆಂಟಿ” ಅಂದೆ. ಏನು ಹೇಳೋರು ಎಂದು ಕೇಳಲಿಲ್ಲ.

ಕಳೆದ ಗುರುವಾರ ಆ ವಾಸನೆಗೆ ಎದ್ದು ಗರಾಜಿಗೆ ಹೋದೆ. ಡಬ್ಬದ ತಳದಲ್ಲಿ ಆ ತುಂಡು ಹಾಗೇ ಇತ್ತು. ಹಸಿರು ಮಾಸಿದೆ, ಟೇಪು ಹಳದಿಯಾಗಿದೆ. ಅಂಚಿನಲ್ಲಿ ಕಂದು ಕಲೆ. ಅವರದೋ ನನ್ನದೋ ಗೊತ್ತಿಲ್ಲ. ಹಿಡಿದುಕೊಂಡು ಬೇಲಿಯ ಹತ್ತಿರ ಬಂದೆ. ಪಕ್ಕದ ಮನೆಯಾತ ಇಕ್ಕಳ ಎತ್ತಿ ಕರೆದ, “ಯೂ ಟೂ? ಥ್ರೋ ಇಟ್ ಇನ್!”

“ಇದು ನನ್ನದಲ್ಲ” ಅಂದೆ, ಕನ್ನಡದಲ್ಲೇ.

ಇದನ್ನು ಕೊಡಬೇಕಾದ ಮನೆ ಇಲ್ಲಿಂದ ಅರ್ಧ ಗಂಟೆಯ ದಾರಿ. ಕೊಡುವಾಗ ಹೇಳಬೇಕಾದ ಮಾತೂ ಒಂದಿದೆ. ತುಂಡು ಈಗ ಕಾರಿನ ಮುಂದಿನ ಸೀಟಿನಲ್ಲಿದೆ… ಇನ್ನೂ ಹೋಗಿಲ್ಲ.